ನೂಲಿನ ಬಿಲ್ಲೆ

ಈಗ ಯಾರಾದರೂ ಹೊಸ ಮನೆ ಕಟ್ಟಿಸಿ ಕರೆದರೆ ಬಚ್ಚಲುಮನೆಯನ್ನೂ ತೋರಿಸುತ್ತಾರೆ. ದೇವರ ಮನೆಯಲ್ಲಿ ಕೈಮುಗಿದು ಮುಗಿಸುವಷ್ಟರಲ್ಲಿ ಅತ್ತ ಎಳೆದುಕೊಂಡು ಹೋಗಿ, ಹೀಗೆ ತಿರುಗಿಸಿದರೆ ಕೆಳಗಿಂದ, ಹಾಗೆ ತಿರುಗಿಸಿದರೆ ಮೇಲಿಂದ ಎಂದು ನಲ್ಲಿ ತಿರುಗಿಸಿ ನೀರು ಸುರಿಸುತ್ತಾರೆ. ನಾನು ಭೇಷ್ ಎನ್ನುತ್ತೇನೆ. ಆಮೇಲೆ, ಇದನ್ನು ತಿರುಗಿಸೋದಕ್ಕೆ ಎಷ್ಟು ಬೆರಳು ಬೇಕು ಎಂದು ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಗೆ ತಲೆಯ ಮೇಲಿಂದ ನೀರು ಸುರಿಯುವ ನಲ್ಲಿ ಮೊದಲು ಬಂದದ್ದು ನಮ್ಮ ಮನೆಗೆ. ತಂದವನು ನಾನೇ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನಗೆ ಇಪ್ಪತ್ತನಾಲ್ಕು ವರ್ಷ, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ನಮ್ಮ ವಂಶದಲ್ಲಿ ಮಗ್ಗ ಬಿಟ್ಟು ಕುರ್ಚಿ ಹಿಡಿದ ಮೊದಲನೆಯವನು ಎಂಬ ಜಂಭ ತಲೆಯಿಂದ ಕಾಲಿನವರೆಗೂ ಇತ್ತು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಹೊಸಿಲು ದಾಟಿರಲಿಲ್ಲ.

ನಮ್ಮದು ಜನಿವಾರ ಹಾಕುವ ನೇಕಾರರ ಮನೆ. ಬೀದಿಯಲ್ಲಿ ಎಲ್ಲರೂ ಅಷ್ಟೇನೂ ಮಡಿ ಮಾಡುತ್ತಿರಲಿಲ್ಲ, ನಮ್ಮ ತಾತ ಮಾತ್ರ ಎಲ್ಲಿಂದಲೋ ಒಂದು ಕಟ್ಟುಪಾಡು ಹೊತ್ತು ತಂದು ಮನೆಯ ಮೇಲೆ ಹೇರಿಹೋಗಿದ್ದರು. ಒಲೆ ಮುಟ್ಟುವವರು ದಿನಾ ಬೆಳಗ್ಗೆ ತಲೆಯ ಮೇಲೆ ನೀರು ಸುರಿದುಕೊಂಡೇ ಮುಟ್ಟಬೇಕು. ನೀರು ಯಾರು ಸೇದಿದರೂ ಸರಿ, ಯಾರು ಕಾಯಿಸಿದರೂ ಸರಿ, ಸುರಿದುಕೊಳ್ಳುವುದು ಮಾತ್ರ ಅವರವರ ಕೈಯಿಂದಲೇ. ಇನ್ನೊಬ್ಬರು ಹೊಯ್ದರೆ ಅದು ಮೈ ತೊಳೆದದ್ದು, ಮಡಿಯಲ್ಲ. ತಾತ ಸತ್ತು ಹದಿನೈದು ವರ್ಷವಾಗಿದ್ದರೂ ಆ ಮಾತು ಸತ್ತಿರಲಿಲ್ಲ.

ಅತ್ತೆ ಮೂವತ್ತೈದು ವರ್ಷ ಆ ಒಲೆಯ ಮುಂದೆ ಇದ್ದಳು. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ. ಸಾರಿಗೆ ಉಪ್ಪು ಎಷ್ಟು ಎಂದು ಅಮ್ಮ ಅವಳನ್ನು ಕೇಳಬೇಕೇ ಹೊರತು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಮಗುವಿಲ್ಲ, ಗಂಡನಿಲ್ಲ, ಒಂದು ಗುಂಟೆ ನೆಲವಿಲ್ಲ. 'ಈ ಒಲೆ ಮುಂದೆ ಇರೋ ಗಂಟ ಈ ಮನೆ ನಂದು ಕಣೋ. ಇಲ್ಲಿಂದ ಎದ್ರೆ ನಾನು ನೆಂಟಳು' ಎಂದು ನಗುನಗುತ್ತಲೇ ಹೇಳುತ್ತಿದ್ದಳು. ಆ ನಗುವಿನ ಅಡಿಯಲ್ಲಿದ್ದ ಹೆದರಿಕೆ ನನಗೆ ಆಗ ಕಾಣಲಿಲ್ಲ.

ಒಲೆಯ ಕೆಲಸ ಮುಗಿದ ಮೇಲೆ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದೂ ಅವಳದೇ ಪಾಲು. ಸುತ್ತಿ ಸುತ್ತಿ ಬೆರಳುಗಳು ಸೊಟ್ಟಗಾದವು. ಐವತ್ತು ದಾಟುವಷ್ಟರಲ್ಲಿ ಗಿಣ್ಣುಗಳು ಊದಿ, ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ, ಪೂರ್ತಿ ತೆರೆಯುತ್ತಲೂ ಇರಲಿಲ್ಲ. ಆಮೇಲೆ ಬಲಭುಜ ಹಿಡಿದುಕೊಂಡಿತು. ತೋಳು ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಎಡಗೈಯ ಬೆರಳಿಗೆ ತುಂಬಿದ ಚೊಂಬು ನಿಲ್ಲುತ್ತಿರಲಿಲ್ಲ.

ಒಂದು ದಿನ ಅಮ್ಮ ನನ್ನನ್ನು ಹಿತ್ತಲಿಗೆ ಕರೆದಳು. ಅಮ್ಮನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಅವತ್ತು ಮಾತ್ರ ನೇರವಾಗಿ ಹೇಳಿದಳು. 'ಮಿಂದು ಬಂದ್ರೂ ನಿಮ್ಮತ್ತೆ ಜಡೆ ಒಣಗೇ ಇತ್ತು ಕಣೋ. ಚೊಂಬು ತಲೆಗಂಟ ಎತ್ತಕ್ಕಾಗ್ತಿಲ್ಲ ಅವಳಿಗೆ. ನಿಮ್ಮಪ್ಪ ನೋಡಿದ್ರೆ ಏನ್ ಗತಿ?'

ಏನು ಗತಿ ಎಂದು ಇಬ್ಬರಿಗೂ ಗೊತ್ತಿತ್ತು. ತಲೆಗೆ ನೀರು ಬೀಳಲಿಲ್ಲ ಎಂದರೆ ಒಲೆಯಿಲ್ಲ.

ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬನ ಮನೆಯಲ್ಲಿ ಜರಡಿ ಮೂತಿಯ ನಲ್ಲಿ ನೋಡಿದ್ದೆ. ಕೆಳಗೆ ಒಂದು ತಿರುಪು, ತಿರುಗಿಸಿದರೆ ತಲೆಯ ಮೇಲೆ ನೀರು. ಅತ್ತೆಗೆ ಬೇಕಾದದ್ದು ಅದೇ ಎನ್ನಿಸಿತು. ತೋಳು ಎತ್ತಬೇಕಾಗಿಲ್ಲ, ಮಣೆಯ ಮೇಲೆ ಕೂತು ತಿರುಗಿಸಿದರೆ ಸಾಕು. ತಿರುಗಿಸುವುದು ಅವಳ ಕೈಯೇ ಆದ್ದರಿಂದ ತಾತನ ಕಟ್ಟುಪಾಡಿಗೂ ಚ್ಯುತಿಯಿಲ್ಲ. ಅಪ್ಪನಿಗೆ ಹೇಳಿದೆ. ಅತ್ತೆಯ ಭುಜದ ವಿಷಯ ಎತ್ತದೆ, ಹೊಸಕಾಲದ ಅನುಕೂಲ ಎಂದಷ್ಟೇ ಹೇಳಿದೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಾಡಿಸುತ್ತಾ, 'ಮಳೇಲಿ ನೆಂದಂಗೆ ಆಗ್ತದೆ. ಅದು ಸ್ನಾನ ಹೆಂಗಾಯ್ತದೆ?' ಎಂದ. ಒಳಗಿನಿಂದ ಅತ್ತೆಯೇ ಉತ್ತರ ಕೊಟ್ಟಳು.

'ಶಿವನ ತಲೆ ಮ್ಯಾಲೆ ತೂತಿನ ಪಾತ್ರೆ ಕಟ್ಟಿರಲ್ವಾ? ಅವನಿಗೆ ಆಯ್ತದೆ, ನನಗೆ ಆಗಲ್ವಾ?'

ಅಪ್ಪ ನಕ್ಕುಬಿಟ್ಟ. ಅಪ್ಪ ನಕ್ಕರೆ ಒಪ್ಪಿದ ಎಂದೇ ಅರ್ಥ.

ಭಾನುವಾರ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಪೇಟೆಯಲ್ಲಿ ಹಿತ್ತಾಳೆ ಸಾಮಾನಿನ ಒಂದು ಅಂಗಡಿ. ಜರಡಿ ಮೂತಿ ಕೂಡಲೇ ಸಿಕ್ಕಿತು. ಕಷ್ಟವಾದದ್ದು ಅದಕ್ಕೆ ನೀರು ಬಿಡುವ ನಲ್ಲಿ. ಮೊದಲು ಅಂಗಡಿಯವನು ಅರ್ಧ ಸುತ್ತಿಗೆ ತೆರೆಯುವ ಬಿರಡೆ ನಲ್ಲಿ ಕೊಟ್ಟ. ನಾನು ಅತ್ತೆಯ ಹಾಗೆ ಬೆರಳು ಸೊಟ್ಟ ಮಾಡಿಕೊಂಡು, ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಹಿಡಿದು ತಿರುಗಿಸಿದೆ. ಅಲ್ಲಾಡಲಿಲ್ಲ. 'ಸಾರ್, ಅದಕ್ಕೆ ಕೊಬ್ಬು ಸವರ್ತಾ ಇರಬೇಕು' ಎಂದ. ಅದನ್ನು ಅಲ್ಲೇ ಇಟ್ಟೆ. ಎರಡನೆಯದು ಕಬ್ಬಿಣದ ಚಕ್ರದ್ದು, ಎಮ್ಮೆಯ ಕತ್ತು ತಿರುಗಿಸಿದ ಹಾಗೆ. ಹೀಗೆ ಏಳೋ ಎಂಟೋ ತೆಗೆಸಿದೆ. ಪ್ರತಿಯೊಂದನ್ನೂ ಬೆರಳು ಸೊಟ್ಟ ಮಾಡಿ ತಿರುಗಿಸುವುದನ್ನು ನೋಡಿ, ಪಕ್ಕದಲ್ಲಿದ್ದ ಗಿರಾಕಿ, 'ಪಾಪ, ಮೇಷ್ಟ್ರಿಗೆ ಲಕ್ವ ಹೊಡೆದದೆ' ಎಂದು ಮರುಗಿದ.

ಕೊನೆಗೆ ಅಂಗಡಿಯವನು ಅಟ್ಟದಿಂದ ಒಂದು ಇಂಗ್ಲೆಂಡಿನ ನಲ್ಲಿ ಇಳಿಸಿದ. ಎರಡು ಕಿವಿಯ ಹಿಡಿ. ಎರಡು ಬೆರಳು ತಾಗಿಸಿದರೆ ಬೆಣ್ಣೆಯ ಹಾಗೆ ತಿರುಗಿತು. ನನಗೆ ಆದ ಸಂತೋಷ ಹೇಳತೀರದು. ಒಳಗೆ ನೀರು ತಡೆಯುವ ಬಿಲ್ಲೆ ಯಾವುದರದು ಎಂದು ಕೇಳಿದೆ. 'ಚರ್ಮದ್ದು ಸಾರ್. ರಬ್ಬರ್ ವಾಷರ್ ಎಲ್ಲಿಂದ ತರೋಣ? ರಬ್ಬರ್ ಬರೋ ದೇಶ ಎಲ್ಲಾ ಜಪಾನ್‌ನೋರ ಕೈಲಿದೆ. ಯುದ್ಧ ಮುಗೀಲಿ, ಬನ್ನಿ' ಎಂದ.

ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿತ್ತು. ನಾಲಗೆಯನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದಿದ್ದರೆ ಮುಂದಿನದೂ ಸರಿಹೋಗುತ್ತಿತ್ತು.

ಯುದ್ಧದಿಂದ ಬಣ್ಣದ ಪುಡಿ ಬರುವುದು ನಿಂತು, ನೂಲಿಗೆ ಬಣ್ಣ ಹಾಕುವ ನಮ್ಮ ತಾಮ್ರದ ಹಂಡೆ ಮೂಲೆಗೆ ಬಿದ್ದಿತ್ತು. ಅದನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಬಚ್ಚಲುಗೋಡೆಯ ಆಚೆ ಎತ್ತರದ ಕಟ್ಟೆ ಕಟ್ಟಿಸಿ ಮೇಲೆ ಕೂರಿಸಿದೆ. ಕಂಚುಗಾರನಿಂದ ತೂತು ಹಾಕಿಸಿ, ಕೊಳವೆ ಗೋಡೆ ತೂರಿ ಒಳಗೆ ಬರುವಂತೆ ಮಾಡಿದೆ. ನಲ್ಲಿ ಹಾಕುವ ಮುಂಚೆ ಮನೆಯವರನ್ನೆಲ್ಲ ಕೂಡಿಸಿಕೊಂಡೆ. ಕೇಳದೆ ಇದ್ದದ್ದಕ್ಕೂ ಉತ್ತರ ಹೇಳುವುದು ಮೇಷ್ಟರುಗಳ ಚಟ. ನಲ್ಲಿಯನ್ನು ಬಿಚ್ಚಿ, ಇದು ತಿರುಪು, ಇದು ಮೂತಿ, ಈ ಬಿಲ್ಲೆ ಕೆಳಗಿಳಿದರೆ ನೀರು ನಿಲ್ಲುತ್ತದೆ ಎಂದು ಚರ್ಮದ ಚೂರನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅಪ್ಪ ಬಗ್ಗಿ ನೋಡಿದ. 'ಏನದು?' ಎಂದ. ನಾನು ಹೇಳಿದೆ.

'ತೆಗಿಯೋ ಅದನ್ನ' ಎಂದ ಅಪ್ಪ. 'ಸತ್ತ ದನದ ಚರ್ಮ ತೊಳೆದ ನೀರು ಸುರ್ಕೊಂಡು ದೇವರಿಗೆ ಎಡೆ ಮಾಡ್ತಾಳಾ ನಮ್ಮಕ್ಕ?'

ನಾನು ವಾದಕ್ಕೆ ನಿಲ್ಲುವಷ್ಟರಲ್ಲಿ ಅಪ್ಪ ಮಗ್ಗದ ಕೋಣೆಗೆ ಹೋಗಿಬಿಟ್ಟಿದ್ದ. ಒಂದು ಗಳಿಗೆಯ ಮೇಲೆ ಬಂದವನ ಕೈಯಲ್ಲಿ ಹತ್ತಿ ನೂಲಿನ ಬಿಲ್ಲೆ. ಆರೆಳೆ ಸೇರಿಸಿ ಹುರಿ ಮಾಡಿ, ಜೇನುಮೇಣದಲ್ಲಿ ಅದ್ದಿ, ಚಕ್ಕುಲಿಯಂತೆ ಸುತ್ತಿ, ಸುತ್ತುಗಳನ್ನು ಸೂಜಿಯಲ್ಲಿ ಹೆಣೆದಿದ್ದ. 'ನೂಲು ಮಾಡೋರ ಮನೇಲಿ ಚರ್ಮಕ್ಕೆ ಕೈ ಒಡ್ಡಬೇಕಾ?' ಎಂದು ನನ್ನ ಅಂಗೈಗೆ ಹಾಕಿದ. ಸುಳ್ಳು ಹೇಳಬಾರದು, ಅದು ಬಹಳ ಚಂದವಾಗಿತ್ತು. ಅಷ್ಟು ಸಣ್ಣ ಕೆಲಸ ಅಷ್ಟು ಒತ್ತಾಗಿ ಮಾಡುವವರು ಈಗ ಇಲ್ಲ. ಹಾಕಿ ತಿರುಗಿಸಿದರೆ ಒಂದು ತೊಟ್ಟೂ ಸೋರಲಿಲ್ಲ. ಅಪ್ಪ ಮೀಸೆಯ ಮೇಲೆ ಕೈ ಎಳೆದುಕೊಂಡ. ನೀರು ಕುಡಿದರೆ ನೂಲು ಏನಾಗುತ್ತದೆ ಎಂದು ಹುಟ್ಟಿನಿಂದ ನೂಲಿನಲ್ಲೇ ಬೆಳೆದ ನಮ್ಮಿಬ್ಬರಲ್ಲಿ ಒಬ್ಬನೂ ಯೋಚಿಸಲಿಲ್ಲ.

ಮಾರನೆಯ ದಿನ ನಾಲ್ಕು ಕೊಡ ತಣ್ಣೀರು, ಎರಡು ಕೊಡ ಬಿಸಿನೀರು ಕಟ್ಟೆ ಹತ್ತಿ ಹೊಯ್ದೆ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರಿನ ಸದ್ದು ಕೇಳಿಸಿತು. ಅದರ ಜೊತೆಗೆ ಅವಳು ನಗುವ ಸದ್ದು. ಹೊರಗೆ ಬಂದಾಗ ಜಡೆಯಿಂದ ನೀರು ಇಳಿದು ಬೆನ್ನೆಲ್ಲ ತೊಯ್ದಿತ್ತು. ಒರೆಸಿಕೊಳ್ಳದೆ ಬೇಕೆಂದೇ ಅಪ್ಪನ ಮಗ್ಗದ ಮುಂದೆ ಹಾದು ಅಡುಗೆಮನೆಗೆ ಹೋದಳು. ಅವತ್ತು ನನ್ನ ಊಟದಲ್ಲಿ ತುಪ್ಪ ಎರಡು ಸಲ ಬಿತ್ತು. 'ಮೇಷ್ಟ್ರೇ, ಇನ್ನೊಂಚೂರು ಹಾಕ್ಲಾ?' ಎಂದು ಚೇಷ್ಟೆ ಮಾಡಿದಳು. ನಾನು ಅವಳಿಗೆ 'ಮಗ', 'ಲೋ' ಆಗಿದ್ದೆ. ಮೇಷ್ಟ್ರೇ ಎಂದರೆ ಬಹಳ ಪ್ರೀತಿ ಬಂದಿದೆ ಎಂದು ಲೆಕ್ಕ.

ಆ ಸುಖ ಒಂದು ತಿಂಗಳೂ ಉಳಿಯಲಿಲ್ಲ. ಮೇಣ ಬಿಟ್ಟುಕೊಂಡು ನೂಲು ಊದಿತು. ಊದಿದ್ದು ತಿರುಪಿನ ಅಡಿಯಲ್ಲಿ ಕಚ್ಚಿಕೊಂಡಿತು. ಬಿಗಿಯಾಗಿ ನಿಲ್ಲಿಸಿದರೆ ತೆರೆಯುವುದಕ್ಕೆ ಗಂಡಾಳು ಬೇಕು, ಸಡಿಲ ಬಿಟ್ಟರೆ ಹಂಡೆಯ ನೀರೆಲ್ಲ ತೊಟ್ಟಿಕ್ಕಿ ಬರಿದಾಗುತ್ತಿತ್ತು. ಅಪ್ಪ ಇನ್ನೊಂದು ಬಿಲ್ಲೆ ಮಾಡಿಕೊಟ್ಟ. ಅದು ಹದಿನೈದು ದಿನಕ್ಕೆ ಊದಿತು. ಮೂರನೆಯದು ಎಂಟು ದಿನಕ್ಕೆ. ತೆಂಗಿನ ಚಿಪ್ಪು ಕೆತ್ತಿ ಹಾಕಿದೆ, ನೀರು ನಿಲ್ಲಲೇ ಇಲ್ಲ. ಮತ್ತೆ ನೂಲಿನದನ್ನೇ ಹಾಕಿದೆ. ಅತ್ತೆ ಒಳಗೆ ಹೋದರೆ ಬರುವುದು ತಡವಾಗತೊಡಗಿತು. ಒಂದೊಂದು ದಿನ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬರುತ್ತಿದ್ದಳು. ಹಿಡಿಯ ಕಿವಿ ಒತ್ತಿ ಒತ್ತಿ ಬೆರಳಿನ ಸಂದಿ ಸುಲಿದಿತ್ತು.

ಒಂದು ಮಧ್ಯಾಹ್ನ ಅಪ್ಪ ಸೀರೆ ಮಾರಲು ಹೋಗಿದ್ದಾಗ ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

'ಲೋ ಮಗ, ಆ ಚರ್ಮದ್ದು ಮಡಗಿದ್ದೀಯಾ, ಎಸೆದ್ಬಿಟ್ಯಾ?'

'ಇದೆ. ಯಾಕತ್ತೆ?'

'ಅದನ್ನೇ ಹಾಕ್ಬಿಡು. ಯಾರಿಗೂ ಹೇಳ್ಬೇಡ.'

ನಾನು ಅವಳ ಮುಖ ನೋಡಿದೆ. ಏಕಾದಶಿಗೆ ಹನಿ ನೀರೂ ಕುಡಿಯದವಳು.

'ಪಾಪ ಬಂದ್ರೆ ನನಗೆ ಬರಲಿ. ಮ್ಯಾಲೆ ಹೋದ್ಮೇಲೆ ನಾನೇ ಉತ್ತರ ಹೇಳ್ಕೋತೀನಿ' ಎಂದಳು.

ಆಗ ಸುಮ್ಮನೆ ಎದ್ದುಹೋಗಿ ಹಾಕಿಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಒಂದು ಗಳಿಗೆಯ ಕೆಲಸ. ನಾನು ಹಾಗೆ ಮಾಡಲಿಲ್ಲ. ಕಳ್ಳತನ ಯಾಕತ್ತೆ, ಅಪ್ಪನ ಜೊತೆ ನಾನು ಮಾತಾಡುತ್ತೇನೆ, ಇದು ಮೂಢನಂಬಿಕೆ, ಇದನ್ನು ಎದುರಿಸಿಯೇ ಗೆಲ್ಲಬೇಕು, ನಿನ್ನ ಪರವಾಗಿ ನ್ಯಾಯ ಕೇಳುತ್ತೇನೆ ಎಂದು ಪಾಠ ಒಪ್ಪಿಸಿದೆ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಳು.

'ನನಗೆ ನ್ಯಾಯ ಬ್ಯಾಡ ಕಣೋ. ನೀರು ಬೇಕು' ಎಂದಳು.

ಸರಿ, ನೋಡೋಣ ಎಂದು ಎದ್ದೆ. ನೋಡೋಣ ಎಂದವನು ನಾಲ್ಕು ದಿನ ನೋಡುತ್ತಲೇ ಇದ್ದೆ.

ಐದನೆಯ ದಿನ ಮಧ್ಯಾಹ್ನ ಅಪ್ಪ, ನಾನು ಊಟಕ್ಕೆ ಕೂತಿದ್ದೆವು. ಅಮ್ಮ ಬಡಿಸುತ್ತಿದ್ದಳು. ಅತ್ತೆ ಒಳಗೆ ಒಲೆಯ ಮುಂದೆ. ಹಂಡೆಯ ನೀರು ಮತ್ತೆ ಸೋರಿಹೋಗಿತ್ತು. 'ನೀನು ತಂದ ನಲ್ಲೀನೇ ದಂಡ. ನನ್ನ ನೂಲಿಂದೇನೂ ತಪ್ಪಿಲ್ಲ' ಎಂದ ಅಪ್ಪ. ಎಂಟು ನಲ್ಲಿ ತಿರುಗಿಸಿ ಆರಿಸಿ ತಂದವನಿಗೆ ಅದು ಚುಚ್ಚಿತು.

'ನಿನ್ನ ಮಗ್ಗದಲ್ಲಿ ಲಾಳಿ ಗುದ್ದೋದು ಏನಪ್ಪ? ಎಮ್ಮೆ ಚರ್ಮ ಅಲ್ವಾ? ಬೆಳಗಿಂದ ಸಂಜೆಗಂಟ ಚರ್ಮದಲ್ಲಿ ಗುದ್ದಿದ ಸೀರೇನ ದೇವಿಗೆ ಉಡಿಸ್ಬಹುದು, ನಲ್ಲೀಲಿ ಒಂದು ಬಿಲ್ಲೆ ಇರಬಾರದಾ?'

'ಮಗ್ಗ ಬ್ಯಾರೆ, ಮಡಿ ಬ್ಯಾರೆ. ಉಣ್ಣು ಸುಮ್ನೆ.'

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನನಗೆ ಆಗ ಎರಡೂ ತಿಳಿದಿರಲಿಲ್ಲ. ಗೆಲುವು ಕೈಗೆ ಸಿಕ್ಕಿದೆ, ಇನ್ನೊಂದು ಏಟು ಕೊಟ್ಟರೆ ಅಪ್ಪ ಸುಮ್ಮನಾಗುತ್ತಾನೆ ಎನ್ನಿಸಿತು. ಆ ಒಂದು ಏಟಿಗೆ ನನ್ನ ಹತ್ತಿರ ಏನಿತ್ತೋ ಅದನ್ನು ತೆಗೆದೆ.

'ಈ ಮನೇಲಿ ಎಲ್ಲರಿಗಿಂತ ಮಡಿ ಯಾರು? ಅತ್ತೆ ತಾನೆ? ಆ ಚರ್ಮದ್ದೇ ಹಾಕ್ಬಿಡು, ಯಾರಿಗೂ ಹೇಳ್ಬೇಡ ಅಂತ ಅವಳೇ ನನ್ನ ಕೇಳಿದಾಳೆ. ಈಗೇನಂತೀಯ?'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಅಪ್ಪ ತುತ್ತನ್ನು ಎಲೆಗೆ ಹಾಕಿ ಎದ್ದ. ಕೈ ತೊಳೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೂಗಾಡಲಿಲ್ಲ. ಕೂಗಾಡಿದ್ದರೆ ಅಮ್ಮನೋ ನಾನೋ ಅಡ್ಡ ಹೋಗಬಹುದಿತ್ತು.

'ಅಕ್ಕ, ಹಾಕಿಸ್ಕೊಂಡ್ಯಾ?'

'ಇಲ್ಲ.'

'ಕೇಳಿದ್ದು ನಿಜವಾ?'

ಇಲ್ಲ ಎನ್ನಬಹುದಿತ್ತು. ಅಪ್ಪ ನನ್ನನ್ನು ಬಿಟ್ಟು ಅವಳನ್ನು ನಂಬುತ್ತಿದ್ದ. 'ಕೇಳ್ದೆ' ಎಂದಳು ಅತ್ತೆ. 'ಕೈಲಾಗ್ಲಿಲ್ಲ, ಕೇಳ್ದೆ.'

'ಹಂಗಾದ್ರೆ ಕೈಲಾದವಳು ನೋಡ್ಕೊಳ್ಳಲಿ' ಎಂದು ಅಪ್ಪ ಅಮ್ಮನ ಕಡೆ ಕೈ ತೋರಿಸಿ ಮಗ್ಗದ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಲಾಳಿಯ ಸದ್ದು ಶುರುವಾಯಿತು. ಚರ್ಮ ಗುದ್ದುವ ಸದ್ದು. ನಾನು ಎಲೆಯ ಮುಂದೆ ಕೂತೇ ಇದ್ದೆ. ಅತ್ತೆ ಉರಿಯುತ್ತಿದ್ದ ಸೌದೆಯನ್ನು ಹಿಂದಕ್ಕೆಳೆದು, ಸಾರಿನ ಪಾತ್ರೆ ಇಳಿಸಿ, ಸೊಂಟದಿಂದ ಬೀಗದ ಕೈ ಬಿಚ್ಚಿ ಅದರ ಮುಚ್ಚಳದ ಮೇಲಿಟ್ಟಳು. ಗಂಟು ಬಿಚ್ಚಲು ಅವಳ ಬೆರಳಿಗೆ ಬಹಳ ಹೊತ್ತು ಹಿಡಿಯಿತು. ನನ್ನನ್ನು ದಾಟಿ ಜಗಲಿಗೆ ಹೋದಳು. ನನ್ನ ಮುಖ ನೋಡಲಿಲ್ಲ.

ಅಮ್ಮ ಆ ಬೀಗದ ಕೈಯನ್ನು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಮುಟ್ಟಿದಳು. ಅವಳನ್ನು ದೂರಿ ಏನು ಪ್ರಯೋಜನ? ಅವಳೂ ಇಪ್ಪತ್ತೈದು ವರ್ಷ ಉಪ್ಪು ಎಷ್ಟು ಎಂದು ಕೇಳುತ್ತಾ ಬಂದವಳು.

ಇನ್ನು ಅತ್ತೆಗೆ ಮಡಿ ಬೇಕಿರಲಿಲ್ಲವಾದ್ದರಿಂದ ಯಾರು ನೀರು ಹೊಯ್ದರೂ ನಡೆಯುತ್ತಿತ್ತು. ಅಮ್ಮ ಮಣೆ ಹಾಕಿ ಕೂರಿಸಿ, ಬಿಸಿ ಬಿಸಿ ನೀರು ಹೊಯ್ದು ಬೆನ್ನು ಉಜ್ಜುತ್ತಿದ್ದಳು. ನೋಡಿದವರಿಗೆ ಎಂಥ ಪುಣ್ಯವಂತೆ ಎನ್ನಿಸಬೇಕು. ಅವಳು ಕೇಳಿದ ನೀರು ಧಾರಾಳವಾಗಿ ಸಿಕ್ಕಿತು, ಒಲೆ ಹೋಯಿತು. ಬಡಿಸಿದಾಗ ಬಂದು ಉಂಡು, ಚೆನ್ನಾಗಿತ್ತು ಎಂದು ಹೇಳಿ ಏಳುತ್ತಿದ್ದಳು. ನೆಂಟರು ಹೇಳುವ ಹಾಗೆ. ನನಗೆ 'ಲೋ' ಎನ್ನುವುದು ನಿಂತುಹೋಯಿತು. ಮೇಷ್ಟ್ರೇ, ಬನ್ನಿ, ಕೂತ್ಕೊಳ್ಳಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯುದ್ಧ ಮುಗಿಯಿತು. ಮುಗಿದು ಒಂದು ವರ್ಷಕ್ಕೋ ಏನೋ, ಅದೇ ಅಂಗಡಿಗೆ ಹೋದೆ. ಅಂಗಡಿಯವನು ಗುರುತು ಹಿಡಿದು, ಈಗ ಕೈ ಹೇಗಿದೆ ಸಾರ್ ಎಂದು ಕೇಳಿದ. ಕರಿಯ ರಬ್ಬರಿನ ಬಿಲ್ಲೆ, ನನ್ನ ಉಗುರಿನಷ್ಟು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಹತ್ತು ಸಲ ಮುಟ್ಟಿ ನೋಡಿಕೊಂಡೆ. ಊದಿದ ನೂಲನ್ನು ಕಿತ್ತು ಅದನ್ನು ಹಾಕಿ, ಕಟ್ಟೆ ಹತ್ತಿ ನೀರು ತುಂಬಿದೆ. ಅಪ್ಪನಿಗೆ ಹೇಳಿದೆ. ಅಪ್ಪ ಬಗ್ಗಿ ನೋಡಿ, ಮುಟ್ಟಿ, ಮೂಸಿ, 'ಮರದ ಹಾಲಿಂದು ತಾನೆ? ದೋಷ ಇಲ್ಲ' ಎಂದ. ಆಮೇಲೆ ಗೋಡೆ ನೋಡುತ್ತಾ, 'ಅಕ್ಕನಿಗೆ ಹೇಳು. ಬೇಕಂದ್ರೆ ಒಲೆ ಹತ್ರ ಬರಲಿ' ಎಂದ. ಅಪ್ಪನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಅತ್ತೆಯನ್ನು ನಾನೇ ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದೆ. ಅಪ್ಪ ಅಂದದ್ದನ್ನು ಹೇಳಿದೆ. ಅವಳು ಹಿಡಿಗೆ ಎರಡು ಬೆರಳು ತಾಗಿಸಿದಳು. ತಿರುಗಿತು. ಜರಡಿ ಮೂತಿಯಿಂದ ನೀರು ಸುರಿದು ಬರಿಯ ನೆಲದ ಮೇಲೆ ಬಿತ್ತು. ಅವಳು ದೂರದಲ್ಲೇ ನಿಂತು ನೋಡಿದಳು. ಮತ್ತೆ ಎರಡೇ ಬೆರಳಿನಲ್ಲಿ ನಿಲ್ಲಿಸಿದಳು.

'ಚೆನ್ನಾಗದೆ ಮೇಷ್ಟ್ರೇ' ಎಂದಳು.

ಆಮೇಲೆ ಮಣೆ ಎಳೆದುಕೊಂಡು ಕೂತು, ಗೋಡೆಯ ಕಡೆ ತಿರುಗಿ, 'ನಿಮ್ಮಮ್ಮನ್ನ ಕರೀರಿ, ನೀರು ಹುಯ್ಯಕ್ಕೆ' ಎಂದಳು.

ನಾನು ಹೋಗಿ ಅಮ್ಮನನ್ನು ಕರೆದೆ.